ಈನಿಡ್ ಹ್ಯಾಕೆಟ್ ಬೆಳಗಿಸಿದ ಅಂಕಿಗಳು

ಈನಿಡ್ ಹ್ಯಾಕೆಟ್ ಪಕ್ಕದ ಕುರ್ಚಿಯಲ್ಲಿ ನಾನು ಹತ್ತು ವರ್ಷ ಕೂತಿದ್ದೆ. ಲಂಡನ್ನನ್ನು ಸುತ್ತಿ ಬಳಸಿ ಹೋಗುವ ಹೆದ್ದಾರಿಯ ಒಂದು ತುಂಡನ್ನು ನೋಡಿಕೊಳ್ಳುವ ಕಂಟ್ರೋಲ್ ರೂಮಿನಲ್ಲಿ ನಮ್ಮಿಬ್ಬರದೂ ಹಗಲು ಪಾಳಿ. ಗೋಡೆ ತುಂಬ ಪರದೆಗಳಿದ್ದವು, ಕಿಟಕಿ ಮಾತ್ರ ಒಂದೂ ಇರಲಿಲ್ಲ. ಹೊರಗೆ ಮಳೆಯೋ ಬಿಸಿಲೋ ಎನ್ನುವುದನ್ನೂ ನಾವು ಕ್ಯಾಮೆರಾದಲ್ಲೇ ನೋಡಬೇಕಿತ್ತು. ಈನಿಡ್ ಬೆಳಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಬಸ್ಸಿಳಿದು ಬರುತ್ತಿದ್ದಳು. ತಲೆಗೆ ಕಟ್ಟಿದ ಸ್ಕಾರ್ಫ್ ಬಿಚ್ಚಿ ಕುರ್ಚಿಗೆ ಹಾಕಿ, ಟೀ ಮಾಡಿಕೊಂಡು, ಪರದೆಗಳ ಕಡೆ ತಿರುಗಿ "ಏನ್ರಪ್ಪಾ, ಎಲ್ಲಾ ಎದ್ರಾ?" ಎಂದು ವಿಚಾರಿಸಿಕೊಂಡ ಮೇಲೇ ಅವಳು ಕೂರುತ್ತಿದ್ದದ್ದು.

ಆಗ ಅವಳಿಗೆ ಐವತ್ತೆರಡು. ಕುಳ್ಳಗೆ, ದುಂಡಗೆ ಇದ್ದಳು. ಆ ದೇಹಕ್ಕೆ ಹೊಂದದಷ್ಟು ದೊಡ್ಡ ಗಂಟಲು. ಅದಕ್ಕೆ ಕಾರಣವೂ ಇತ್ತು. ಅವಳ ಊರು ಕಾಪ್ಸ್‌ಲೀಯ ಸಭಾಭವನದಲ್ಲಿ ಶನಿವಾರ ಸಂಜೆ ಹಳ್ಳಿ ಕುಣಿತ ನಡೆಯುತ್ತಿತ್ತು. ಮುಂದಿನ ಹೆಜ್ಜೆ ಯಾವುದು, ಯಾರು ಯಾರ ಕೈ ಹಿಡಿಯಬೇಕು ಎಂದು ಕೂಗಿ ಹೇಳುವವಳು ಈನಿಡ್. ಇಪ್ಪತ್ತು ವರ್ಷದಿಂದ ಕೂಗುತ್ತಿದ್ದಳು. ಗಂಡ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಅವನು ಮದುವೆಯಾಗಿ ಏಳನೇ ವರ್ಷ ಎಡಗಡೆ ದಾರಿ ಸಿಕ್ತು ಅಂತ ಇಳ್ದು ಹೋದ. ಕೈ ಕೂಡ ತೋರಿಸ್ಲಿಲ್ಲ" ಎಂದು ನಗುತ್ತಿದ್ದಳು.

ಸಾವಿರದ ಒಂಬೈನೂರ ತೊಂಬತ್ತೈದರಲ್ಲಿ ನಮ್ಮ ರಸ್ತೆಗೆ ಅಂಕಿಗಳು ಬಂದವು. ಅಲ್ಲಿಯವರೆಗೆ ವೇಗದ ಮಿತಿ ಗಂಟೆಗೆ ಎಪ್ಪತ್ತು ಮೈಲಿ ಎಂದರೆ ಎಪ್ಪತ್ತು. ಬೆಳಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಈಗ ಮೈಲಿಗೊಂದರಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಕಮಾನು ನಿಂತಿತು. ಪ್ರತಿ ಸಾಲಿನ ನೆತ್ತಿಯ ಮೇಲೂ ಒಂದು ಕಪ್ಪು ಹಲಗೆ, ಅದರಲ್ಲಿ ಕೆಂಪು ಉಂಗುರದೊಳಗೆ ಅರವತ್ತು, ಐವತ್ತು, ನಲವತ್ತು ಎಂದು ಬೆಳಗುವ ಅಂಕಿ. ಡಾಂಬರಿನ ಕೆಳಗೆ ಹೂತಿಟ್ಟ ತಂತಿಯ ಸುರುಳಿಗಳು ಎಷ್ಟು ಗಾಡಿ ಹೋದವು, ಎಷ್ಟು ವೇಗದಲ್ಲಿ ಹೋದವು ಎಂದು ಎಣಿಸುತ್ತಿದ್ದವು. ಗಾಡಿ ಹೆಚ್ಚಾದರೆ ಕಂಪ್ಯೂಟರ್ ತಾನಾಗಿ ಮಿತಿ ಇಳಿಸುತ್ತಿತ್ತು. ಮಂಜು ಬಂದರೆ, ಗಾಡಿ ಕೆಟ್ಟು ನಿಂತರೆ, ಅದಕ್ಕೆ ತಿಳಿಯದ ಸಂಗತಿಗಳಿಗೆ ನಾವು ಕೈಯಿಂದ ಅಂಕಿ ಹಾಕಬೇಕು. ಕಮಾನಿನ ಮೇಲೆ ಕ್ಯಾಮೆರಾ ಇದ್ದುದರಿಂದ ಮಿತಿ ಮೀರಿದವರ ಮನೆಗೆ ದಂಡದ ಕಾಗದ ಹೋಗುತ್ತಿತ್ತು.

ಊರಿಗೆ ಊರೇ ಉರಿದುಬಿತ್ತು. ಎದುರಿಗೆ ಏನೂ ಕಾಣದ ರಸ್ತೆಯಲ್ಲಿ ಐವತ್ತಕ್ಕೆ ಇಳಿಯಿರಿ ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆ ಸಿಟ್ಟನ್ನೆಲ್ಲ ಕಾಪ್ಸ್‌ಲೀಯವರು ಈನಿಡ್ ಮೇಲೆ ತೀರಿಸಿಕೊಂಡರು. ಕೂದಲು ಕತ್ತರಿಸುವವಳು ಕತ್ತರಿ ಹಿಡಿದೇ, "ನಿನ್ನೆ ನಿನ್ನ ದೆಸೆಯಿಂದ ನಾನು ಇಪ್ಪತ್ತು ನಿಮಿಷ ಲೇಟು ಕಣೇ" ಎನ್ನುತ್ತಿದ್ದಳು. ಹಲ್ಲಿನ ಡಾಕ್ಟರಂತೂ ಅವಳ ಬಾಯಿಗೆ ಹತ್ತಿ ತುರುಕಿ, ಉತ್ತರ ಕೊಡಲಾಗದ ಹೊತ್ತು ನೋಡಿಕೊಂಡು, "ಅಲ್ಲಾ ಮಿಸೆಸ್ ಹ್ಯಾಕೆಟ್, ಗುರುವಾರ ನಲವತ್ತು ಯಾಕೆ ಹಾಕಿದ್ರಿ?" ಎಂದು ಕೇಳಿದನಂತೆ. "ನಾನು ಆ ಆ ಅಂತ ಏನೋ ಅಂದೆ. ಅವನು ತಪ್ಪೊಪ್ಪಿಕೊಂಡೆ ಅಂದ್ಕೊಂಡ" ಎಂದು ಈನಿಡ್ ಮರುದಿನ ಹೇಳಿ ನಮ್ಮನ್ನು ನಗಿಸಿದಳು.

ಕಚೇರಿಗೂ ಕಾಗದಗಳು ಬರುತ್ತಿದ್ದವು. ಅವಕ್ಕೆಲ್ಲ ಕಳಿಸಲು ಅಚ್ಚು ಹಾಕಿಸಿದ ಒಂದು ಉತ್ತರ ಸಿದ್ಧವಿತ್ತು: ತಮ್ಮ ಪತ್ರ ತಲುಪಿದೆ, ತಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ. ಒಂದು ಸೋಮವಾರ ಈನಿಡ್ ಕೈಗೆ ಬಂದ ಕಾಗದ ಬೇರೆ ತರಹ ಇತ್ತು. ಬರೆದವರು ವಿಲ್ಫ್ರೆಡ್ ಆಶ್‌ಬಿ, ಮೊಟ್ಟೆ ವ್ಯಾಪಾರಿ.

"ಸ್ವಾಮಿ, ಕಳೆದ ಶುಕ್ರವಾರ ಮಧ್ಯಾಹ್ನ ನಾಲ್ಕೂ ಕಾಲಿಗೆ ನಾನು ನಿಮ್ಮ ರಸ್ತೆಯಲ್ಲಿ ಇದ್ದೆ. ಆರು ಮೈಲಿ ಉದ್ದಕ್ಕೂ ಐವತ್ತು ಎಂದು ಬರೆದುಕೊಂಡಿತ್ತು. ನಾನು ಐವತ್ತರಲ್ಲೇ ಹೋದೆ. ಆರು ಮೈಲಿ ಆದಮೇಲೆ ಏನಿತ್ತು ಗೊತ್ತೇ? ಏನೂ ಇರಲಿಲ್ಲ. ಒಂದು ಕೆಟ್ಟ ಗಾಡಿ ಇಲ್ಲ, ರಿಪೇರಿಯವರು ಇಲ್ಲ, ಸತ್ತ ಬೆಕ್ಕು ಸಹ ಇಲ್ಲ. ತಾವು ಏನನ್ನು ನೋಡಿ ಐವತ್ತು ಹಾಕಿದಿರಿ ಎಂದು ತಿಳಿಸಿದರೆ ನಾನೂ ನನ್ನ ಮೂರು ಸಾವಿರ ಮೊಟ್ಟೆಗಳೂ ಉಪಕೃತರಾಗುತ್ತೇವೆ."

ಈನಿಡ್ ಓದಿ ಮುಗಿಸಿ ಅಚ್ಚಿನ ಉತ್ತರವನ್ನು ಪಕ್ಕಕ್ಕೆ ಸರಿಸಿದಳು. ಶುಕ್ರವಾರದ ದಾಖಲೆ ತೆಗೆಸಿದಳು. ನಮ್ಮ ಮೇಲ್ವಿಚಾರಕ ಕೀತ್ ಥರ್ಸ್ಟನ್ ಹಿಂದೆ ಬಂದು ನಿಂತ.

"ಈನಿಡ್, ಅಚ್ಚಿನ ಕಾಗದ ಹಾಕಿ ಕಳ್ಸು. ಇದಕ್ಕೆಲ್ಲ ಕೂತ್ರೆ ಸಂಜೆ ಆಗತ್ತೆ."

"ಈ ಮನುಷ್ಯ ಐವತ್ತರಲ್ಲೇ ಹೋಗಿದಾನೆ ಕೀತ್. ನಂಬಿ ಹೋದೋನು. ಇವ್ನಿಗೆ ಅಚ್ಚಿನ ಕಾಗದ ಕಳ್ಸೋಕೆ ನಂಗೆ ಮನಸ್ಸು ಬರಲ್ಲ."

ಊಟದ ವಿರಾಮದಲ್ಲಿ ಅವಳು ಕೈಯಲ್ಲೇ ಬರೆದಳು. ನನಗೂ ಓದಿ ಹೇಳಿದಳು. "ಪ್ರಿಯ ಆಶ್‌ಬಿಯವರೇ, ಅವತ್ತು ಮೂರೂಮುಕ್ಕಾಲಿಗೆ ನೀವು ಹೇಳುವ ಆರನೇ ಮೈಲಿಯಲ್ಲಿ ಗಾಡಿಗಳು ದಟ್ಟವಾಗುತ್ತಾ ಬಂದವು. ಅಲ್ಲಿ ಯಾರೋ ಒಬ್ಬರು ಬ್ರೇಕ್ ಒತ್ತಿದರೂ ಸಾಕಿತ್ತು, ಹಿಂದಿನವರು ಅದಕ್ಕಿಂತ ಜೋರಾಗಿ, ಅವರ ಹಿಂದಿನವರು ಇನ್ನೂ ಜೋರಾಗಿ ಒತ್ತಿ, ಕೊನೆಗೆ ಎಲ್ಲರೂ ನಿಂತೇ ಹೋಗುತ್ತಿದ್ದರು. ಹಿಂದಿನಿಂದ ಬರುವವರನ್ನು ಸ್ವಲ್ಪ ನಿಧಾನ ಮಾಡಿದ್ದರಿಂದ ಮುಂದಿನವರಿಗೆ ಜಾಗ ಸಿಕ್ಕಿತು. ನೀವು ತಲುಪುವ ಹೊತ್ತಿಗೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದನ್ನು ಮಾಡುವುದೇ ನಮ್ಮ ಕೆಲಸ. ನಿಮ್ಮ ಮೊಟ್ಟೆಗಳು ಸುಖವಾಗಿ ತಲುಪಿದವು ಎಂದು ನಂಬಿದ್ದೇನೆ."

ಅದಕ್ಕೆ ಒಂದು ಸಾಲಿನ ಉತ್ತರ ಬಂತು: "ನಾಲ್ಕು ಒಡೆದಿದ್ದವು. ಆದರೆ ಸಾಮಾನ್ಯವಾಗಿ ಶುಕ್ರವಾರ ಮೂವತ್ತು ಒಡೆಯುತ್ತವೆ. ಕೋಳಿ ಮೇವು ಬದಲಾಯಿಸಿದ್ದೇನೆ, ಬಹುಶಃ ಚಿಪ್ಪು ಗಟ್ಟಿಯಾಗಿರಬೇಕು."

ಈನಿಡ್ ಅದನ್ನು ಓದಿ ಅರ್ಧ ಗಂಟೆ ತನ್ನಷ್ಟಕ್ಕೆ ನಗುತ್ತಿದ್ದಳು.

ಮೂರು ತಿಂಗಳಾದ ಮೇಲೆ ವಿಲ್ಫ್ ಆಶ್‌ಬಿಯ ಇನ್ನೊಂದು ಕಾಗದ ಬಂತು. ಈ ಸಲ ಅದರಲ್ಲಿ ಹಾಸ್ಯ ಇರಲಿಲ್ಲ. ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಖಾಲಿ ರಸ್ತೆಯಲ್ಲಿ, ಒಂಬತ್ತು ಮೈಲಿ ನಲವತ್ತು ಇತ್ತು. ಅವನು ನಲವತ್ತರಲ್ಲೇ ಹೋದ. ಉಳಿದವರೆಲ್ಲ ಅವನನ್ನು ಮೈಲಿಕಲ್ಲಿನಂತೆ ದಾಟಿ ಹೋದರು. ಒಬ್ಬ ಲಾರಿಯವನು ಹಾರ್ನ್ ಹೊಡೆದು ಬೈದ. "ಹೋದ ಸಲ ನೀವು ಬರೆದಿದ್ದನ್ನು ನಂಬಿದ್ದೆ. ಆ ಒಂಬತ್ತು ಮೈಲಿಯಲ್ಲಿ ನಂಬಿದ ಪೆದ್ದ ನಾನೊಬ್ಬನೇ ಎಂದು ಕಾಣುತ್ತದೆ."

ದಾಖಲೆ ನೋಡುವ ಮೊದಲೇ ಈನಿಡ್ ಮುಖ ಬಿಳಿಚಿಕೊಂಡಿತು. ಆ ಮಂಗಳವಾರ ನಾನೂ ಅಲ್ಲೇ ಇದ್ದೆ. ಬೆಳಗ್ಗೆ ಹತ್ತಕ್ಕೆ, ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಯೊಂದು ಚಕ್ರ ಕಳಚಿ ರಸ್ತೆ ಮೇಲೆ ನಿಂತಿತ್ತು. ಈನಿಡ್ ಕೈಯಿಂದ ನಲವತ್ತು ಹಾಕಿದಳು. ಹತ್ತೂ ಇಪ್ಪತ್ತಕ್ಕೆ ಅದನ್ನು ಎಳೆದುಕೊಂಡು ಹೋದರು. ಅಷ್ಟರಲ್ಲಿ ರಸ್ತೆ ಬದಿಯ ಕಿತ್ತಳೆ ಬಣ್ಣದ ತುರ್ತು ಫೋನಿನಿಂದ ಒಂದು ಹುಡುಗಿ ಅಳುತ್ತಾ ಕರೆ ಮಾಡಿದಳು. ಹೊಸದಾಗಿ ಗಾಡಿ ಕಲಿತವಳು, ಇಂಜಿನ್ ನಿಂತಿದೆ, ಪಕ್ಕದಲ್ಲೇ ಲಾರಿಗಳು ಹಾದುಹೋಗುತ್ತಿವೆ. ಸಹಾಯ ಹೋಗಿ ತಲುಪುವವರೆಗೆ ಈನಿಡ್ ಅವಳ ಜೊತೆ ಮಾತಾಡುತ್ತಲೇ ಇದ್ದಳು, ಅಮ್ಮ ಏನು ಅಡುಗೆ ಮಾಡ್ತಾರೆ, ನಾಯಿ ಹೆಸರೇನು ಅಂತ. ನಲವತ್ತು ಅಳಿಸುವುದು ಮರೆತೇ ಹೋಯಿತು. ನಾವು ಯಾರೂ ಗಮನಿಸಲಿಲ್ಲ. ಅದು ಆರಿದ್ದು ಹನ್ನೆರಡಕ್ಕೆ ಐದು ನಿಮಿಷ ಇರುವಾಗ.

ಈನಿಡ್ ಹುಡುಗಿಯ ವಿಷಯ ಬರೆಯಲಿಲ್ಲ. ಬರೆದದ್ದು ಇಷ್ಟೇ: "ಪೆದ್ದರು ನೀವಲ್ಲ. ತಪ್ಪು ನನ್ನದು. ಅಳಿಸಲು ಮರೆತೆ. ತೊಂಬತ್ತೈದು ನಿಮಿಷ ಆ ಅಂಕಿ ಸುಳ್ಳು ಹೇಳಿತು. ಅದನ್ನು ನಂಬಿದ ನಿಮ್ಮ ಕ್ಷಮೆ ಕೇಳುತ್ತೇನೆ."

ಆ ಕಾಗದದ ನಕಲು ಕೀತ್ ಕಣ್ಣಿಗೆ ಬಿತ್ತು. ಅವನು ಕೆಟ್ಟವನಲ್ಲ, ಮೇಲಿನವರಿಗೆ ಹೆದರುವವನು.

"ಬರವಣಿಗೇಲಿ ತಪ್ಪು ನನ್ನದು ಅಂತ ಕೊಡ್ತಾರೇನೆ? ನಾಳೆ ಪೇಪರಿನೋರ ಕೈಗೆ ಸಿಕ್ರೆ?"

"ಸಿಗ್ಲಿ. ನಿಜಾನೇ ಅಲ್ವಾ ಬರ್ದಿರೋದು."

"ಒಂದೂವರೆ ಗಂಟೆ ಖಾಲಿ ರಸ್ತೇಲಿ ನಲವತ್ತು ಇತ್ತು. ಯಾರಿಗೇನು ಪೆಟ್ಟಾಯ್ತು ಹೇಳು?"

ಈನಿಡ್ ಗಂಟಲು ಏರಿತು. ನಮ್ಮ ಕೋಣೆಯಲ್ಲಿ ಅವಳು ಹಾಗೆ ಕೂಗಿದ್ದು ಅದೊಂದೇ ಸಲ. "ಕೀತ್, ಅವತ್ತು ಅಲ್ಲಿ ಹೋದ ಸಾವಿರಾರು ಜನ ಇನ್ಮೇಲೆ ನಲವತ್ತು ನೋಡಿದ್ರೆ ಏನಂದ್ಕೋತಾರೆ? ಅದೇ ಮುದುಕಿ ಮತ್ತೆ ಮರ್ತಿದಾಳೆ ಅಂದ್ಕೋತಾರೆ. ನಿಜವಾಗ್ಲೂ ಮುಂದೆ ಗಾಡಿ ನಿಂತಿರೋ ದಿನ ಎಪ್ಪತ್ತರಲ್ಲೇ ಹೋಗ್ತಾರೆ. ಪೆಟ್ಟು ಆವತ್ತು ಗೊತ್ತಾಗತ್ತೆ."

ಅವಳಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಮರೆತದ್ದಕ್ಕಲ್ಲ, ಒಪ್ಪಿಕೊಂಡದ್ದಕ್ಕೆ.

ವಾರ ಕಳೆದ ಮೇಲೆ ಒಂದು ಪುಟ್ಟ ಪೊಟ್ಟಣ ಬಂತು. ಒಳಗೆ ಮೊಟ್ಟೆ ಬೇಯಿಸುವಾಗ ತಿರುಗಿಸಿ ಇಡುವ, ಹೊತ್ತಾದಾಗ ಟ್ರಿಣ್ ಎನ್ನುವ ಗಡಿಯಾರ. ಮೇಲೆ "ಆಶ್‌ಬಿ ಮೊಟ್ಟೆಗಳು" ಎಂಬ ಅಚ್ಚು. ಜೊತೆಗೊಂದು ಚೀಟಿ: "ನನ್ನ ಗಿರಾಕಿಗಳಿಗೆ ಹಬ್ಬಕ್ಕೆ ಕೊಡುವುದು. ಕೈಯಿಂದ ಅಂಕಿ ಹಾಕಿದಾಗಲೆಲ್ಲ ಹದಿನೈದು ನಿಮಿಷಕ್ಕೆ ತಿರುಗಿಸಿ ಇಡಿ. ತಪ್ಪು ಎಂದು ಬರೆದು ಕೊಟ್ಟ ಸರ್ಕಾರಿ ಕಾಗದ ನಾನು ನೋಡಿದ್ದು ಇದೇ ಮೊದಲು. ಫ್ರೇಮ್ ಹಾಕಿಸೋಣ ಎಂದಿದ್ದೇನೆ."

ಅಂದಿನಿಂದ ಈನಿಡ್ ಮೇಜಿನ ಮೇಲೆ ಆ ಗಡಿಯಾರ ಟಿಕ್ ಟಿಕ್ ಎನ್ನತೊಡಗಿತು. ಟ್ರಿಣ್ ಎಂದರೆ ಅವಳು ಕ್ಯಾಮೆರಾ ತಿರುಗಿಸಿ ನೋಡಬೇಕು: ಇನ್ನೂ ಇದೆಯಾ, ಅಳಿಸಬಹುದಾ? ಕೀತ್ ಮೊದಲ ವಾರ ಹಲ್ಲು ಕಡಿದ. ಎರಡನೇ ತಿಂಗಳು ಎಲ್ಲರ ಮೇಜಿಗೂ ಒಂದೊಂದು ಬೇಕು ಎಂದು ತಾನೇ ಆಶ್‌ಬಿಗೆ ಬರೆದ.

ಇಷ್ಟಾದ ಮೇಲೆ ಆ ಮನುಷ್ಯನನ್ನು ನೋಡದೆ ಇರುವುದು ಹೇಗೆ? ಈನಿಡ್ ಅವನನ್ನು ಶನಿವಾರದ ಕುಣಿತಕ್ಕೆ ಕರೆದಳು. ನಾನೂ ಹೋಗಿದ್ದೆ. ಉದ್ದಕ್ಕೆ, ಸ್ವಲ್ಪ ಬಾಗಿದ ಬೆನ್ನಿನ, ಐವತ್ತಾರರ ಗಂಡಸು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಕೈಯಲ್ಲಿ ಎರಡು ಡಜನ್ ಮೊಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಮಿಸೆಸ್ ಹ್ಯಾಕೆಟ್, ಒಂದ್ಮಾತು ಹೇಳ್ಬಿಡ್ತೀನಿ. ನಿಮ್ಮ ಕಾಗದ ಚೆನ್ನಾಗಿತ್ತು. ಆದ್ರೆ ಏನೂ ಇಲ್ದೆ ಗಾಡಿಗಳು ನಿಂತ್ಬಿಡತ್ವೆ ಅಂತೀರಲ್ಲ, ಅದು ನಂಗೆ ಇನ್ನೂ ತಲೆಗೆ ಹೋಗಿಲ್ಲ. ಎಲ್ಲೋ ಒಬ್ಬ ನಿಲ್ಲಿಸಿರ್ಬೇಕು ತಾನೇ?"

"ಬನ್ನಿ ಇಲ್ಲಿ" ಎಂದಳು ಈನಿಡ್.

ಅವಳು ಸಭಾಭವನದಲ್ಲಿ ಇದ್ದ ಇಪ್ಪತ್ತೆರಡು ಜನರನ್ನೂ ಒಂದು ದೊಡ್ಡ ಸುತ್ತಿನಲ್ಲಿ, ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಿದಳು. ವಿಲ್ಫ್ ನನ್ನ ಹಿಂದೆ. "ಯಾರನ್ನೂ ದಾಟೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ಎಷ್ಟು ಬೇಗ ಆಗತ್ತೋ ಅಷ್ಟು ಬೇಗ ನಡೀರಿ!" ಎಂದು ಕೂಗಿದಳು. ಹೊರಟೆವು. ಒಂದು ಸುತ್ತು ಚೆನ್ನಾಗಿತ್ತು. ಎರಡನೇ ಸುತ್ತಿನಲ್ಲಿ ಯಾರೋ ಪ್ಯಾಂಟ್ ಮೇಲೆಳೆದುಕೊಂಡರು. ಅವರ ಹಿಂದಿನವರು ಹೆಜ್ಜೆ ತಡೆದರು, ಅವರ ಹಿಂದಿನವರು ತುದಿಗಾಲಲ್ಲಿ ನಿಂತರು, ನಾನು ಪೂರ್ತಿ ನಿಂತೆ, ವಿಲ್ಫ್ ನನ್ನ ಬೆನ್ನಿಗೆ ಬಂದು ಬಿದ್ದ. ಅಷ್ಟರಲ್ಲಿ ಪ್ಯಾಂಟಿನವರು ಅತ್ತ ಓಡುತ್ತಿದ್ದರು. ಆ ನಿಲುಗಡೆ ಮಾತ್ರ ಸುತ್ತಿನಲ್ಲಿ ಹಿಂದು ಹಿಂದಕ್ಕೆ ಹೋಗುತ್ತಾ, ಮೂರು ನಿಮಿಷವೂ ಯಾರನ್ನೋ ಒಬ್ಬರನ್ನು ಹಿಡಿದು ನಿಲ್ಲಿಸುತ್ತಲೇ ಇತ್ತು.

"ಯಾರ್ರೀ ನಿಲ್ಲಿಸಿದ್ದು?" ಎಂದು ವಿಲ್ಫ್ ಕೂಗಿದ. ಎಲ್ಲರೂ ಮುಂದಿನವರ ಬೆನ್ನು ತೋರಿಸಿದರು. ಸುತ್ತಿನಲ್ಲಿ ಮುಂದಿನವರು ಎಂದರೆ ಯಾರು? ನಕ್ಕು ನಕ್ಕು ಸಾಕಾಯಿತು.

ಎರಡನೇ ಸಲ ಈನಿಡ್ ಅಕಾರ್ಡಿಯನ್ ನುಡಿಸುವವರಿಗೆ ನಿಧಾನದ ಒಂದು ರಾಗ ಹಿಡಿಯಲು ಹೇಳಿದಳು. "ಈ ಲಯಕ್ಕೇ ನಡೀಬೇಕು. ಮುಂದೆ ಎಷ್ಟೇ ಜಾಗ ಕಂಡ್ರೂ ಓಡ್ಬೇಡಿ." ಮೂರು ನಿಮಿಷ ನಡೆದೆವು. ಯಾರೂ ನಿಲ್ಲಲಿಲ್ಲ. ಮೊದಲ ಸಲ ವಿಲ್ಫ್ ಗೋಡೆ ಬದಿಯ ಪಿಯಾನೊ ಮುಂದೆ ಐದು ಸಲ ಹಾದಿದ್ದ. ಈ ಸಲ ಏಳು ಸಲ.

"ನಿಧಾನಕ್ಕೆ ಹೋಗಿದ್ದಕ್ಕೆ ಜಾಸ್ತಿ ಸುತ್ತು ಹೆಂಗಾಯ್ತು?" ಎಂದು ಅವನು ಬೆರಳು ಮಡಿಸಿ ಮತ್ತೆ ಎಣಿಸಿದ.

"ನಿಲ್ಲಲಿಲ್ವಲ್ಲ, ಅದಕ್ಕೆ."

ಅವನು ತಲೆದೂಗಿದ. "ಹಂಗಾದ್ರೆ ಕೋಳಿ ಮೇವಿಂದ ಅಲ್ಲ ಅಂತೀರಿ."

ಕುಣಿತ ಮುಗಿದ ಮೇಲೆ ಅವನು, "ನಿಮ್ಮ ಕಾರೆಲ್ಲಿ ನಿಲ್ಲಿಸಿದೀರಿ? ಅಲ್ಲೀ ತನಕ ಬರ್ತೀನಿ" ಎಂದ.

"ಕಾರಿಲ್ಲ. ನಡ್ಕೊಂಡು ಹೋಗ್ತೀನಿ. ನಂಗೆ ಗಾಡಿ ಓಡ್ಸೋಕೆ ಬರಲ್ಲ."

ವಿಲ್ಫ್ ಆಶ್‌ಬಿ ಕುರ್ಚಿ ಹುಡುಕಿಕೊಂಡು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ದಿನಾ ಲಕ್ಷಾಂತರ ಜನಕ್ಕೆ ಇಷ್ಟೇ ವೇಗದಲ್ಲಿ ಹೋಗಿ ಅಂತೀರಾ, ಗಾಡಿ ಓಡ್ಸೋಕೇ ಬರಲ್ವಾ?"

"ಓಡ್ಸೋರಿಗೆಲ್ಲ ತಮ್ಮ ಮುಂದಿನ ಗಾಡಿ ಒಂದೇ ಕಾಣೋದು. ನಂಗೆ ಎಲ್ರೂ ಕಾಣ್ತಾರೆ" ಎಂದು ಈನಿಡ್ ಹೇಳಿದಳೇನೋ ನಿಜ. ಆದರೆ ಅವಳು ನಗಲಿಲ್ಲ ಎನ್ನುವುದನ್ನು ನಾನು ಗಮನಿಸಿದೆ.

ಕಾರಣ ತಿಳಿದದ್ದು ಆ ವರ್ಷದ ನವೆಂಬರಿನಲ್ಲಿ. ಮಧ್ಯಾಹ್ನ ಮೂರು ಗಂಟೆ. ನದಿಯ ತಗ್ಗಿನ ಕ್ಯಾಮೆರಾ ಒಂದು ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಪಕ್ಕದ್ದು ಚೆನ್ನಾಗಿಯೇ ಕಾಣುತ್ತಿತ್ತು. ಮಂಜು ಬಿದ್ದದ್ದು ಆ ತಗ್ಗಿಗೆ ಮಾತ್ರ. ಗಾಡಿಗಳು ಬಿಸಿಲಿನಲ್ಲಿ ಎಪ್ಪತ್ತರಲ್ಲಿ ಬಂದು ಆ ಬಿಳಿ ಗೋಡೆಯೊಳಗೆ ನುಗ್ಗುತ್ತಿದ್ದವು. ನೆಲದೊಳಗಿನ ಸುರುಳಿಗಳಿಗೆ ವೇಗ ಗೊತ್ತು, ಮಂಜು ಗೊತ್ತಿಲ್ಲ. ಎಲ್ಲ ಸರಿಯಾಗಿದೆ ಎಂದು ಕಂಪ್ಯೂಟರ್ ಹಲಗೆಗಳನ್ನು ಖಾಲಿ ಬಿಟ್ಟಿತ್ತು.

ಈನಿಡ್ ಆಗಲೇ ಬೆರಳಾಡಿಸುತ್ತಿದ್ದಳು. ತಗ್ಗಿನಲ್ಲಿ ನೇರವಾಗಿ ನಲವತ್ತು ಹಾಕಿದರೆ ಎಲ್ಲರೂ ಒಮ್ಮೆಗೇ ಬ್ರೇಕ್ ಒತ್ತುತ್ತಾರೆ. ಆಗ ನಾವೇ ಅಪಘಾತ ಮಾಡಿಸಿದಂತೆ. ಅವಳು ನಾಲ್ಕು ಮೈಲಿ ಹಿಂದಿನಿಂದ ಮೆಟ್ಟಿಲು ಇಳಿಸಿದ ಹಾಗೆ ಇಳಿಸುತ್ತಾ ಬಂದಳು, ಮೊದಲು ಅರವತ್ತು, ಆಮೇಲೆ ಐವತ್ತು, ಕೊನೆಗೆ ನಲವತ್ತು. ಮೇಲಿನ ದೊಡ್ಡ ಹಲಗೆಗೆ "ಮಂಜು" ಎಂಬ ಮಾತು. ಗಡಿಯಾರ ತಿರುಗಿಸಿಟ್ಟಳು.

"ಇಳೀರಪ್ಪಾ, ಇಳೀರಿ" ಎಂದು ಪರದೆಗೆ ಹೇಳುತ್ತಿದ್ದಳು. ಇಳಿದರು. ಎಲ್ಲರೂ ಅಲ್ಲ, ಬಹಳ ಜನ.

ಏಳೋ ಎಂಟೋ ನಿಮಿಷ ಆಗಿರಬೇಕು. ಮಂಜಿನೊಳಗೆ ಹುಲ್ಲು ಹೊತ್ತ ಲಾರಿಯೊಂದು ಅಡ್ಡ ತಿರುಗಿ ಮೂರೂ ಸಾಲು ಮುಚ್ಚಿ ನಿಂತಿತು. ಅದರ ಹಿಂದಿನ ನಾಲ್ಕು ಕಾರುಗಳು ಒಂದಕ್ಕೊಂದು ತಾಗಿದವು. ನಮಗೆ ಏನೂ ಕಾಣಿಸುತ್ತಿರಲಿಲ್ಲ; ಸುರುಳಿಗಳು ತೋರಿಸುವ ವೇಗ ಸೊನ್ನೆಗೆ ಬಿದ್ದದ್ದು ಮಾತ್ರ ಕಂಡಿತು. ಈನಿಡ್ ನೋಡುತ್ತಿದ್ದದ್ದು ಲಾರಿಯ ಕಡೆಯಲ್ಲ, ಸಾಲಿನ ಬಾಲದ ಕಡೆ. ನಿಂತವರ ಹಿಂದೆ ಬರುವವರು ನಿಲ್ಲುತ್ತಾರಾ? ಬಾಲ ಹಿಂದಕ್ಕೆ ಬೆಳೆಯುತ್ತಾ ಮಂಜಿನಿಂದ ಹೊರಗೆ ಬಂತು. ಅವಳು ಅದಕ್ಕಿಂತ ಮುಂಚೆ ಅಂಕಿಗಳನ್ನು ಇನ್ನೂ ಹಿಂದಕ್ಕೆ ಇಳಿಸುತ್ತಾ ಹೋದಳು. ಒಂದೊಂದಾಗಿ ಕೆಂಪು ದೀಪಗಳು ಹತ್ತಿಕೊಂಡು, ಗಾಡಿಗಳು ಬಂದು ನಿಂತವು. ನಿಲ್ಲುತ್ತಲೇ ಹೋದವು.

ತುರ್ತು ಫೋನ್ ಬಡಿದುಕೊಂಡಿತು. ನಾನು ಎತ್ತಿದೆ.

"ಮಿಸೆಸ್ ಹ್ಯಾಕೆಟ್ ಇದಾರಾ?" ಗಂಡಸೊಬ್ಬ ಕೂಗಿ ಕೇಳಿದ. "ನಾನು ಆಶ್‌ಬಿ. ಮೊಟ್ಟೆ ಆಶ್‌ಬಿ. ನಾನಿಲ್ಲೇ ಒಳಗಿದೀನಿ, ಲಾರಿಯಿಂದ ಇಪ್ಪತ್ತು ಗಾಡಿ ಹಿಂದೆ. ಅವ್ರಿಗೆ ಹೇಳಿ, ಗಾಡಿ ನಿಲ್ಸಿ ಕಣ್ಮುಚ್ಕೊಂಡು ಕೂತಿದ್ದೆ, ಹಿಂದಿಂದ ಬಂದು ಗುದ್ದೇ ಗುದ್ತಾರೆ ಅಂತ. ಬ್ರೇಕ್ ಸದ್ದು ಕೇಳ್ತಾನೇ ಇತ್ತು. ಯಾರೂ ಗುದ್ಲಿಲ್ಲ. ಯಾರೂ ಗುದ್ಲಿಲ್ಲ ಅಂತ ಹೇಳಿ ಅವ್ರಿಗೆ."

ನಾನು ಫೋನನ್ನು ಈನಿಡ್ ಕೈಗೆ ಕೊಟ್ಟೆ. ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ವಿಲ್ಫ್, ವ್ಯಾನ್ ಒಳಗೆ ಹೋಗ್ಬೇಡ. ತಡೆಗೋಡೆ ದಾಟಿ ದಿಬ್ಬದ ಮೇಲೆ ನಿಂತ್ಕೋ. ಫೋನ್ ಇಡು, ಬೇರೆಯೋರಿಗೆ ಬೇಕಾಗತ್ತೆ." ಅಷ್ಟೇ. ಅವನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ತಕ್ಷಣ ಫೋನ್ ಇಟ್ಟ.

ಒಬ್ಬರ ಹೆಗಲಿನ ಮೂಳೆ ಮುರಿದಿತ್ತು. ಅದಕ್ಕಿಂತ ಹೆಚ್ಚಿನದು ಯಾರಿಗೂ ಆಗಲಿಲ್ಲ.

ಪಾಳಿ ಮುಗಿದ ಮೇಲೆ ಬಸ್ ನಿಲ್ದಾಣದ ಬೆಂಚಿನಲ್ಲಿ ನಾವಿಬ್ಬರೇ ಇದ್ದೆವು. ಈನಿಡ್ ಕೈಚೀಲದಿಂದ ಬ್ರೆಡ್ ಪುಡಿಂಗಿನ ಎರಡು ತುಂಡು ತೆಗೆದು ನನಗೊಂದು ಕೊಟ್ಟಳು. ತಿನ್ನುತ್ತಾ ಹೇಳಿದಳು.

"ನಮ್ಮಪ್ಪ ಬಸ್ ಓಡಿಸ್ತಿದ್ರು ಲೊರೇನ್. ಪ್ರವಾಸದ ಬಸ್ಸು. ನಂಗೆ ಹನ್ನೆರಡು ವರ್ಷ. ಹಿಂಗೇ ತಗ್ಗಲ್ಲಿ ಮಂಜು. ನಿಂತಿದ್ದ ಗಾಡಿಗಳ ಬಾಲಕ್ಕೆ ಹೋಗಿ ಹೊಡೆದ್ರು. ಕೊನೇ ಕಾರಲ್ಲಿ ಇಬ್ರಿದ್ರು. ಇಬ್ರೂ ಹೋದ್ರು. ಅಪ್ಪನ ತಪ್ಪಿಲ್ಲ ಅಂತ ಕೋರ್ಟು ಹೇಳ್ತು. ಅಪ್ಪ ನಂಬ್ಲಿಲ್ಲ. ಆಮೇಲೆ ಇಪ್ಪತ್ತೆಂಟು ವರ್ಷ ಬದುಕಿದ್ರು, ಒಂದಿನಾನೂ ಸ್ಟಿಯರಿಂಗ್ ಮುಟ್ಲಿಲ್ಲ. ನಂಗೂ ಮುಟ್ಟೋಕೆ ಮನಸ್ಸಾಗ್ಲಿಲ್ಲ." ಬೆರಳಿನ ಸಕ್ಕರೆ ಒರೆಸಿಕೊಂಡಳು. "ಅಲ್ಲಿ ಮುಂದೆ ಯಾರೋ ನಿಂತಿದಾರೆ ಅಂತ ಯಾರಾದ್ರೂ ಒಬ್ರು ಹೇಳಿದ್ರೆ ಸಾಕಿತ್ತು ಅಂತ ಅಪ್ಪ ಯಾವಾಗ್ಲೂ ಅನ್ನೋರು."

ಬಸ್ಸು ಬಂತು.

ಈ ಕಥೆಯನ್ನು ಅವಳು ವಿಲ್ಫ್‌ಗೂ ಹೇಳಿರಬೇಕು. ಕಾರಿಲ್ಲದ ಮಾತಿಗೆ ಅವನು ಆಮೇಲೆ ಎಂದೂ ನಗಲಿಲ್ಲ. ಮುಂದಿನ ವಸಂತದಲ್ಲಿ ಮಾತ್ರ ಒಂದು ಭಾನುವಾರ ಮೊಟ್ಟೆ ವ್ಯಾನನ್ನು ಅವಳ ಬಾಗಿಲಿಗೆ ತಂದು, ಕೀಲಿಯನ್ನು ಅವಳ ಅಂಗೈ ಮೇಲಿಟ್ಟು, "ಅಂಗಳದಲ್ಲಿ ಹತ್ತಡಿ ಹೋಗೋಣ, ಸಾಕು ಅಂದ್ರೆ ಸಾಕು" ಎಂದನಂತೆ. ಹತ್ತಡಿ ಹೋದಳು. ಮರುವಾರ ಗಲ್ಲಿಯ ತುದಿಯವರೆಗೆ ಹೋದಳು. ವಿಲ್ಫ್ ಕಲಿಸುವುದರಲ್ಲಿ ತಾಳ್ಮೆಯುಳ್ಳವನು. ಹಿಂದೆ ಒಂದು ತಟ್ಟೆ ಮೊಟ್ಟೆ ಇಟ್ಟುಕೊಂಡು, ತಿರುವಿನಲ್ಲಿ ಒಡೆದಷ್ಟಕ್ಕೂ ಅವಳೇ ಆಮ್ಲೆಟ್ ಮಾಡಬೇಕು ಎಂಬ ಕರಾರು.

ಪರೀಕ್ಷೆಯಲ್ಲಿ ಮೂರು ಸಲ ಫೇಲಾದಳು. ಮೊದಲ ಸಲ ಕೊಟ್ಟ ಕಾರಣ, ತೀರಾ ನಿಧಾನ. ಅದನ್ನು ಕೇಳಿ ನಮ್ಮ ಕೋಣೆಯಲ್ಲಿ ಕೆಲಸವೇ ನಿಂತುಹೋಯಿತು. ಕೀತ್ ಟೀ ಕುಡಿಯುತ್ತಿದ್ದವನು ನೆತ್ತಿಗೇರಿಸಿಕೊಂಡ. ಎರಡನೇ ಸಲ ಪರೀಕ್ಷಕನಿಗೇ "ಮುಂದಿನ ಗಾಡಿಗೂ ನಮಗೂ ಎಷ್ಟು ಜಾಗ ಇದೆ ನೋಡಿದ್ರಾ?" ಎಂದು ಪಾಠ ಹೇಳಿದಳು. ಮೂರನೇ ಸಲ ಬಾತುಕೋಳಿಗಳ ಸಾಲಿಗೆ ದಾರಿ ಬಿಟ್ಟು ನಿಂತವಳು ಆಮೇಲೆ ಹೊರಡಲೇ ಇಲ್ಲ. ನಾಲ್ಕನೇ ಸಲ ಪಾಸಾದಳು. ಆಗ ಅವಳಿಗೆ ಐವತ್ತೈದು.

ಕಲಿಯುವವರನ್ನು ಹೆದ್ದಾರಿಗೆ ಬಿಡುತ್ತಿರಲಿಲ್ಲ. ಹಾಗಾಗಿ ಅವಳು ಮೊದಲ ಬಾರಿಗೆ ನಮ್ಮ ರಸ್ತೆಗೆ ಇಳಿದದ್ದು ಪಾಸಾದ ಮೇಲಿನ ಭಾನುವಾರ ಮಧ್ಯಾಹ್ನ. ಅವತ್ತು ನನ್ನ ಪಾಳಿ. ಕೀತ್ ರಜೆ ಇದ್ದರೂ ಬಂದಿದ್ದ. ಬಿಳಿ ವ್ಯಾನು ಎಡಗಡೆಯಿಂದ ಮೆಲ್ಲಗೆ ಏರಿ ಬಂದು ಸಾಲಿಗೆ ಸೇರಿಕೊಂಡದ್ದನ್ನು ನಾವು ಪರದೆಗೆ ಬಗ್ಗಿ ನೋಡಿದೆವು. ವಿಮಾನ ನಿಲ್ದಾಣದ ಕಡೆಗೆ ಹೋಗುವ ದಟ್ಟಣೆ ಶುರುವಾಗಿ, ಎರಡನೇ ಕಮಾನಿನ ಹೊತ್ತಿಗೆ ಕಂಪ್ಯೂಟರ್ ಅರವತ್ತು ಬೆಳಗಿಸಿತು.

"ನೀನು ಹಾಕಿದ್ಯಾ?" ಎಂದ ಕೀತ್.

"ಇಲ್ಲಪ್ಪ, ತಾನೇ ಹಾಕ್ಕೊಂಡಿದ್ದು."

ವ್ಯಾನು ಅರವತ್ತಕ್ಕೆ ಇಳಿಯಿತು. ಹಿಂದಿನ ಕಾರಿನವನು ದೀಪ ಮಿನುಗಿಸಿದ. ವ್ಯಾನು ಕದಲಲಿಲ್ಲ. ಅವನು ಪಕ್ಕದ ಸಾಲಿಗೆ ಹಾರಿ ಮುಂದೆ ಹೋದ, ಎರಡು ಮೈಲಿ ಆಚೆ ಅದೇ ಸಾಲಿನಲ್ಲಿ ಸಿಕ್ಕಿಕೊಂಡ, ವ್ಯಾನು ಅವನ ಪಕ್ಕಕ್ಕೇ ಬಂತು. ಕೀತ್ ಒಬ್ಬನೇ ಚಪ್ಪಾಳೆ ತಟ್ಟಿದ.

ಮುಕ್ಕಾಲು ಗಂಟೆ ಆದ ಮೇಲೆ, ದಾರಿಬದಿಯ ಟೀ ಅಂಗಡಿಯಿಂದ ನನಗೆ ಫೋನ್ ಬಂತು. ಹೇಗಿತ್ತು ಎಂದು ನಾನು ಕೇಳುವ ಮೊದಲೇ ಶುರು ಮಾಡಿದಳು. "ಲೊರೇನ್, ಹನ್ನೆರಡನೇ ಕಮಾನಿನ ಎಡಗಡೆ ಹಲಗೇಲಿ ಅರ್ಧ ಸೊನ್ನೆ ಆರಿಹೋಗಿದೆ. ಒಳಗೆ ಕೂತೋರಿಗೆ ಗೊತ್ತಾಗಲ್ಲ, ಕೆಳಗಿಂದ ನೋಡಿದ್ರೆ ಅರವತ್ತೋ ಅರವತ್ತೈದೋ ತಿಳಿಯಲ್ಲ. ಬರ್ಕೊಂಡ್ಯಾ?"

"ಬರ್ಕೊಂಡೆ. ಭಯ ಆಯ್ತಾ?"

ಹಿಂದೆ ಕಪ್ಪು ಬಸಿಗಳ ಸದ್ದು, ವಿಲ್ಫ್ ಯಾರನ್ನೋ ಸಕ್ಕರೆ ಕೇಳುತ್ತಿದ್ದದ್ದು. "ಮೊದಲ್ನೇ ಮೈಲಿ ಆಯ್ತು. ಆಮೇಲೆ ಅಂಕಿ ಕಾಣಿಸ್ತು ನೋಡು, ಯಾರೋ ಮುಂದೆ ನೋಡಿ ಹೇಳ್ತಾ ಇದಾರೆ ಅನ್ನಿಸ್ತು" ಎಂದಳು.

ಅದೇ ಬೇಸಿಗೆಯಲ್ಲಿ ಅವರಿಬ್ಬರೂ ನೋಂದಣಿ ಕಚೇರಿಯಲ್ಲಿ ಮದುವೆಯಾದರು. ಸಾಕ್ಷಿ ಸಹಿ ಹಾಕಿದವರು ನಾನು ಮತ್ತು ಕೀತ್. ಈನಿಡ್ ಇನ್ನೂ ಏಳು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ನಿವೃತ್ತಿಯ ದಿನ ಭಾಷಣ ಮಾಡಲು ಒಪ್ಪಲಿಲ್ಲ. ತನ್ನ ಜಾಗಕ್ಕೆ ಬಂದ ಹೊಸ ಹೆಂಗಸಿಗೆ ಯಾವ ಕ್ಯಾಮೆರಾ ಮಳೆಯಲ್ಲಿ ಮಸುಕಾಗುತ್ತದೆ ಎಂದು ತೋರಿಸುತ್ತಾ ಕೇಕ್ ತಿನ್ನುವುದನ್ನೂ ಮರೆತಳು.

ಈಗ ಅವಳಿಗೆ ಎಂಬತ್ತೊಂದು, ವಿಲ್ಫ್‌ಗೆ ಎಂಬತ್ತೈದು. ವ್ಯಾಪಾರ ಮಾರಿಯಾಗಿದೆ, ಮೊಣಕಾಲು ಇಬ್ಬರದೂ ಸರಿಯಿಲ್ಲ. ಬುಧವಾರ ಬುಧವಾರ ನಾನು ಅವರ ಮನೆಗೆ ಹೋಗುತ್ತೇನೆ. ಮೊನ್ನೆ ಹೋದಾಗ ಹಿತ್ತಲಿನಲ್ಲಿ ಅವರೆ ಬಳ್ಳಿ ಹಬ್ಬಿಸಲು ಕೋಲು ನೆಡುವ ವಿಷಯಕ್ಕೆ ಇಬ್ಬರಿಗೂ ಜಗಳ ಹತ್ತಿತ್ತು. ಕೋಲುಗಳು ಓರೆಯಾಗಿವೆ ಎಂದು ಅವಳು, ನೇರವಾಗಿವೆ, ನಿನ್ನ ಕನ್ನಡಕ ಓರೆ ಎಂದು ಅವನು. ಯಾರ ಪರ ಎಂದು ನನ್ನನ್ನು ಕೇಳಿದರು. ನಾನು ಕೋಟು ಬಿಚ್ಚಿಟ್ಟು, ಕೋಲು ಕಿತ್ತು ಮತ್ತೆ ನೆಡಲು ಕೂತೆ.